ಮಧ್ಯ ಖಾಲಿ, ಅಂಚಿನ ತುಂಬ ಆಟ: ಶಿಡ್ಲಘಟ್ಟದ ಶಾಲೆಯೊಂದರ ಅಂಗಳದ ಕೆಲಸ

ಅಂಗಳದ ಉದ್ದ 42 ಅಡಿ, ಅಗಲ 30 ಅಡಿ. ಒಟ್ಟು 1,260 ಚದರ ಅಡಿ. ಶಿಡ್ಲಘಟ್ಟದ ಹಳೆಯ ಬೀದಿಯೊಳಗಿನ ಸರ್ಕಾರಿ ಶಾಲೆಗೆ ಇಷ್ಟು ತೆರೆದ ಜಾಗ ಉಳಿದಿರುವುದೇ ಪುಣ್ಯ. ಬಲಕ್ಕೆ ರೇಷ್ಮೆ ನೂಲು ಬಿಚ್ಚಾಣಿಕೆಯ ಘಟಕ, ಎಡಕ್ಕೆ ಮನೆಗಳ ಹಿಂಗೋಡೆ, ಮುಂದೆ ಆಟೊ ತಿರುಗಿಸಲೂ ಕಷ್ಟವಾಗುವ ರಸ್ತೆ. ಈ ಅಂಗಳದಲ್ಲೇ ಬೆಳಗಿನ ಪ್ರಾರ್ಥನೆ ನಡೆಯಬೇಕು, ಧ್ವಜಸ್ತಂಭ ನಿಲ್ಲಬೇಕು, ಬಿಸಿಯೂಟದ ತಟ್ಟೆ ತೊಳೆಯುವ ನಲ್ಲಿಗಳ ಸಾಲು ಇರಬೇಕು, ಅಡುಗೆ ಕೋಣೆಗೆ ಗ್ಯಾಸ್ ಸಿಲಿಂಡರ್ ಬರಲು ದಾರಿ ಬಿಡಬೇಕು. ಉಳಿದದ್ದು ನೂರಕ್ಕೂ ಹೆಚ್ಚು ಮಕ್ಕಳ ಆಟಕ್ಕೆ.

ನಾನು ಊರಿನಲ್ಲಿ ಗೇಟು, ಗ್ರಿಲ್, ಶೀಟ್ ಚಾವಣಿ ಮಾಡುವ ಅಂಗಡಿ ನಡೆಸುತ್ತೇನೆ. ಮಗಳು ಇದೇ ಶಾಲೆಯಲ್ಲಿ ನಾಲ್ಕನೇ ತರಗತಿ ಓದುತ್ತಿದ್ದಾಳೆ. ಹಾಗಾಗಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯನೂ ಹೌದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶೌಚಾಲಯ, ಕುಡಿಯುವ ನೀರು, ಅಡುಗೆ ಕೋಣೆಗಳ ಜೊತೆಯಲ್ಲೇ ಆಟದ ಮೈದಾನವನ್ನೂ ಹೆಸರಿಸಿದ್ದಾರೆ. ಅಂದರೆ ಆಟ ಮಕ್ಕಳ ಹಕ್ಕು. ಊರೊಳಗಿನ ಶಾಲೆಗೆ ಮೈದಾನ ಎಲ್ಲಿಂದ ತರುವುದು ಎಂದು ಕೈಕಟ್ಟಿ ಕೂರಲು ನನಗೆ ಮನಸ್ಸು ಬರಲಿಲ್ಲ. ಇರುವ ಜಾಗದಲ್ಲೇ ಏನು ಮಾಡಿದೆವು, ಯಾವ ಅಳತೆಯಲ್ಲಿ ಮಾಡಿದೆವು, ಯಾವುದನ್ನು ಬೇಡವೆಂದು ಬಿಟ್ಟೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದ್ದೇ ಇಕ್ಕಟ್ಟಿನ ಶಾಲೆ ಚಿಂತಾಮಣಿಯಲ್ಲೂ ಇದೆ, ಕೋಲಾರದಲ್ಲೂ ಇದೆ.

ಮೊದಲು ನೋಡಿದ್ದು

ಪೈಪ್ ಕೊಳ್ಳುವ ಮುನ್ನ ವಿರಾಮದ ಹೊತ್ತಿನಲ್ಲಿ ಜಗಲಿಯ ಮೇಲೆ ಕುಳಿತು ಮಕ್ಕಳನ್ನು ನೋಡುವುದು ಒಳ್ಳೆಯದು ಎಂದು ಮುಖ್ಯ ಶಿಕ್ಷಕಿಯವರು ಹೇಳಿದರು. ಈ ಇಡೀ ಕೆಲಸದಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಮಾತು ಅದು. ಗಂಟೆ ಬಾರಿಸಿದ ಕೂಡಲೇ ದೊಡ್ಡ ತರಗತಿಯ ಹತ್ತು ಹನ್ನೆರಡು ಹುಡುಗರು ಪ್ಲಾಸ್ಟಿಕ್ ಚೆಂಡು ಹಿಡಿದು ಅಂಗಳದ ಮಧ್ಯಕ್ಕೆ ಬರುತ್ತಿದ್ದರು. ಅಲ್ಲಿಗೆ ಜಾಗ ಮುಗಿಯಿತು. ಹೆಣ್ಣುಮಕ್ಕಳು ಮತ್ತು ಒಂದನೇ, ಎರಡನೇ ತರಗತಿಯ ಪುಟ್ಟವರು ಗೋಡೆಗೆ ಒರಗಿ ನಿಂತು ಅವರ ಆಟ ನೋಡುತ್ತಿದ್ದರು. ಇಲ್ಲವೇ ಜಗಲಿಯ ಮೆಟ್ಟಿಲಿನಿಂದ ಹಾರಿ, ಮತ್ತೆ ಹತ್ತಿ, ಮತ್ತೆ ಹಾರುತ್ತಿದ್ದರು. ನಲ್ಲಿಯ ಪಕ್ಕದ ತುಂಡು ಗೋಡೆಯ ಮೇಲೆ ಒಬ್ಬಳು ಕೈ ಅಗಲಿಸಿ ನಡೆದರೆ ಹಿಂದೆ ಐವರು ಸಾಲು ನಿಲ್ಲುತ್ತಿದ್ದರು.

ಬಹುಪಾಲು ಮಕ್ಕಳು ಇದ್ದದ್ದು ಅಂಚಿನಲ್ಲಿ. ಅಲ್ಲಿ ಅವರಿಗೆ ಮಾಡಲು ಏನೂ ಇರಲಿಲ್ಲ. ಹಾಗಾದರೆ ಕಟ್ಟುವುದನ್ನೆಲ್ಲ ಅಂಚಿನಲ್ಲೇ ಕಟ್ಟೋಣ, ಮಧ್ಯದ ಸುಮಾರು 24 ಅಡಿಗೆ 18 ಅಡಿ ಜಾಗವನ್ನು ಓಡಲು ಹಾಗೆಯೇ ಬಿಡೋಣ ಎಂದು ತೀರ್ಮಾನಿಸಿದೆವು. ಪ್ರಾರ್ಥನೆಗೂ ಆ ಖಾಲಿ ಬೇಕೇ ಬೇಕು. 13 ಮೀಟರ್‌ಗೆ 10 ಮೀಟರ್‌ನ ಕಬಡ್ಡಿ ಅಂಕಣ ಇಲ್ಲಿ ಕೂರುವುದಿಲ್ಲ. ಬಳಪದಲ್ಲಿ ಗೆರೆ ಎಳೆದು ಚಿಕ್ಕದಾಗಿ ಆಡಿಕೊಳ್ಳಲಿ.

ಉಯ್ಯಾಲೆ ಏಕೆ ಬೇಡವೆಂದೆವು

ದಾನ ಕೊಡಲು ಮುಂದೆ ಬಂದವರೆಲ್ಲರೂ ಕೇಳಿದ್ದು ಉಯ್ಯಾಲೆ ಮತ್ತು ಜಾರುಬಂಡೆಯನ್ನೇ. ಕೊಡುವವರ ಮನಸ್ಸು ದೊಡ್ಡದು, ಆದರೆ ಲೆಕ್ಕ ಬೇರೆ ಹೇಳುತ್ತದೆ. ಆಟದ ಸಾಮಾನು ನಿಲ್ಲುವ ಜಾಗಕ್ಕಿಂತ ಮಗು ಬೀಳಬಹುದಾದ ಜಾಗ ಬಹಳ ದೊಡ್ಡದು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಪ್ರಕಟಿಸಿರುವ ಆಟದಂಗಳದ ಕೈಪಿಡಿ ಈ ಅಳತೆಗಳನ್ನು ಸ್ಪಷ್ಟವಾಗಿ ಕೊಡುತ್ತದೆ. ಉಯ್ಯಾಲೆಯ ಸರಪಳಿ ನೇತಾಡುವ ಬಿಂದು ನೆಲದಿಂದ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟು ದೂರ ಮುಂದಕ್ಕೂ ಅಷ್ಟೇ ದೂರ ಹಿಂದಕ್ಕೂ ಖಾಲಿ ಬಿಡಬೇಕು. 8 ಅಡಿ ಎತ್ತರದ ಸಾಧಾರಣ ಉಯ್ಯಾಲೆಗೆ 16 ಮತ್ತು 16 ಸೇರಿ 32 ಅಡಿ. ಪಕ್ಕಗಳಲ್ಲೂ ಆರಾರು ಅಡಿ. ನಮ್ಮ ಅಂಗಳದ ಹೆಚ್ಚೂಕಡಿಮೆ ಅರ್ಧ ಭಾಗ ಒಂದೇ ಉಯ್ಯಾಲೆಗೆ ಹೋಗುತ್ತದೆ, ಒಂದು ಸಲಕ್ಕೆ ಆಡುವುದು ಇಬ್ಬರು ಮಕ್ಕಳು. ಆ ಜಾಗ ಬಿಡದೆ ಹಾಕಿದರೆ ಓಡಿ ಬಂದ ಮಗುವಿನ ಹಲ್ಲಿಗೋ ಹಣೆಗೋ ಹಲಗೆ ಬಡಿಯುತ್ತದೆ. ಜಾರುಬಂಡೆಗೂ ಸುತ್ತ ಆರು ಅಡಿ ಬೇಕು. ಅದು ತಗಡಿನದಾದರೆ ಏಪ್ರಿಲ್ ಬಿಸಿಲಿನಲ್ಲಿ ತೊಡೆ ಸುಡುತ್ತದೆ.

ದಾನಿಗಳಿಗೆ ಇದನ್ನು ಅಂಗಳದಲ್ಲೇ ಸುಣ್ಣದ ಪುಡಿಯಿಂದ ಗೆರೆ ಎಳೆದು ತೋರಿಸಿದೆವು. ಗೆರೆ ನೋಡಿದ ಮೇಲೆ ಯಾರೂ ಎರಡನೇ ಮಾತಾಡಲಿಲ್ಲ. ಒಬ್ಬ ಹಿರಿಯರು, “ಹಾಗಾದರೆ ಆ ದುಡ್ಡಿಗೆ ಏನು ಬೇಕೋ ಅದನ್ನೇ ತಗೊಳ್ಳಿ” ಎಂದು ಪೈಪಿನ ಪೂರ್ತಿ ಖರ್ಚು ಕೊಟ್ಟರು.

ಕಂಬಿಗಳು

ಆಮ್ಸ್ಟರ್‌ಡ್ಯಾಮ್ ನಗರದ ವಾಸ್ತುಶಿಲ್ಪಿ ಆಲ್ಡೊ ವ್ಯಾನ್ ಐಕ್ 1947ರಲ್ಲಿ ಮೊದಲ ಆಟದಂಗಳ ಮಾಡಿದರು. ಮಹಾಯುದ್ಧ ಮುಗಿದ ಮೇಲೆ ಆ ಊರಿನಲ್ಲಿ ಮನೆಗಳ ನಡುವೆ ಅಲ್ಲಲ್ಲಿ ಖಾಲಿ ನಿವೇಶನಗಳು ಉಳಿದಿದ್ದವು. 1978ರ ತನಕ ಅಂಥ ಸಣ್ಣಪುಟ್ಟ ಜಾಗಗಳಲ್ಲಿ ಏಳುನೂರಕ್ಕೂ ಹೆಚ್ಚು ಆಟದಂಗಳಗಳನ್ನು ಅವರು ರೂಪಿಸಿದರು. ಬಳಸಿದ್ದು ಕೆಲವೇ ವಸ್ತುಗಳು: ಮರಳಿನ ಹೊಂಡ, ಸುತ್ತು ಹಾಕಲು ತಗ್ಗಿನ ಕಂಬಿ, ಹಾರಿ ಹಾರಿ ದಾಟಲು ಗುಂಡನೆಯ ಕಾಂಕ್ರೀಟ್ ಮೆಟ್ಟುಗಲ್ಲು. ಆ ಚಿತ್ರಗಳನ್ನು ನೋಡಿದಾಗ ನನಗೆ ಹೊಳೆದದ್ದು, ಇವೆಲ್ಲವನ್ನೂ ನಮ್ಮ ಊರಿನ ಪೈಪು ಮತ್ತು ಕಲ್ಲಿನಲ್ಲೇ ಮಾಡಬಹುದು ಎಂದು.

ಕಂಬಿಗೆ ಆಯ್ದುಕೊಂಡದ್ದು ಈಶಾನ್ಯ ಮೂಲೆ. ಗೋಡೆಯಾಚೆಗಿನ ಹೊಂಗೆ ಮರ ಅಲ್ಲಿಗೆ ನೆರಳು ಕೊಡುತ್ತದೆ. ಹೊಂಗೆ ಬೇಸಿಗೆಯ ಮೊದಲಲ್ಲಿ ಎಲೆ ಉದುರಿಸಿ ಬೇಗನೆ ಚಿಗುರಿಕೊಳ್ಳುವುದರಿಂದ ಬಿಸಿಲು ಏರುವ ಹೊತ್ತಿಗೆ ನೆರಳು ಸಿದ್ಧವಿರುತ್ತದೆ. ನೆರಳಿಲ್ಲದ ಕಡೆ ಕಬ್ಬಿಣದ ಕಂಬಿ ನೆಟ್ಟರೆ ಮಧ್ಯಾಹ್ನ ಮುಟ್ಟಲಾಗುವುದಿಲ್ಲ.

ಪೈಪಿನ ದಪ್ಪದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ನಾನು ನೋಡಿದ ಎಷ್ಟೋ ಉದ್ಯಾನಗಳಲ್ಲಿ ಇದೇ ತಪ್ಪಿದೆ. ಮಗುವಿನ ಹಿಡಿತಕ್ಕೆ ಹೊರ ವ್ಯಾಸ 24ರಿಂದ 39 ಮಿಲಿಮೀಟರ್ ಒಳಗಿರಬೇಕು. ಅಂಗಡಿಯಲ್ಲಿ ‘ಒಂದು ಇಂಚು’ ಎಂದು ಮಾರುವ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಹೊರ ವ್ಯಾಸ ಸುಮಾರು 34 ಮಿಲಿಮೀಟರ್, ಅದು ಸರಿ. ‘ಒಂದೂಕಾಲು ಇಂಚು’ ಎಂಬುದು 42 ದಾಟುತ್ತದೆ, ಪುಟ್ಟ ಕೈಯ ಬೆರಳು ಸುತ್ತಿ ಬರುವುದಿಲ್ಲ, ಬೆವರಿದರೆ ಜಾರುತ್ತದೆ. ಗಟ್ಟಿಯಾಗಿರಲಿ ಎಂದು ದಪ್ಪ ಪೈಪ್ ಹಾಕುವುದರಿಂದ ಮಕ್ಕಳು ಬೀಳುವುದು ಹೆಚ್ಚುತ್ತದೆ. ಗಟ್ಟಿತನ ಬೇಕಿದ್ದರೆ ಗೋಡೆ ದಪ್ಪವಿರುವ ಬಿ ಕ್ಲಾಸ್ ಪೈಪ್ ತೆಗೆದುಕೊಳ್ಳಬೇಕು. ಒಂದು ಇಂಚಿನದರಲ್ಲಿ ಅದರ ಗೋಡೆ 3.2 ಮಿಲಿಮೀಟರ್ ಇರುತ್ತದೆ.

ಎರಡು ಕಂಬಿ, ತಲಾ 4 ಅಡಿ ಉದ್ದ, ನಡುವಿನ ಕಂಬ ಎರಡಕ್ಕೂ ಸೇರಿದ್ದು. ಚಿಕ್ಕವರದು ಎರಡೂವರೆ ಅಡಿ ಎತ್ತರ, ದೊಡ್ಡವರದು ಮೂರೂವರೆ ಅಡಿ. ಕಂಬಗಳಿಗೆ ಎರಡು ಇಂಚಿನ ಪೈಪ್. ಕಂಬ ನೆಲದೊಳಗೆ ಇಳಿದಿರುವುದು ಎರಡೂವರೆ ಅಡಿ: ಮೇಲಿನ ಒಂದು ಅಡಿ ಮರಳು, ಅದರ ಕೆಳಗೆ ಒಂದೂವರೆ ಅಡಿ ಕಾಂಕ್ರೀಟ್. ಕಾಂಕ್ರೀಟಿನ ತಲೆ ಮರಳಿನ ತಳಕ್ಕಿಂತ ಮೇಲೆ ಬರಕೂಡದು. ಮೇಲೆ ಬಂದರೆ ಮರಳು ಹಾಕಿದ್ದೇ ವ್ಯರ್ಥ, ಮಗು ಬೀಳುವುದು ಕಾಂಕ್ರೀಟಿನ ಮೇಲೆಯೇ. ಸಿಮೆಂಟ್, ಮರಳು, ಜಲ್ಲಿ ಒಂದಕ್ಕೆ ಒಂದೂವರೆ, ಮೂರರ ಲೆಕ್ಕದಲ್ಲಿ ಹಾಕಿ, ಒಂದು ವಾರ ಗೋಣಿಚೀಲ ಹೊದಿಸಿ ನೀರುಣಿಸಿದೆವು.

ಬೆಸುಗೆ ಹಾಕುವ ಜಾಗದ ಸತುವಿನ ಲೇಪವನ್ನು ಮೊದಲು ಗ್ರೈಂಡರ್‌ನಲ್ಲಿ ಉಜ್ಜಿ ತೆಗೆಯಬೇಕು. ಹಾಗೆಯೇ ಬೆಸೆದರೆ ಬರುವ ಬಿಳಿ ಹೊಗೆ ಜ್ವರ ತರುತ್ತದೆ, ಬೆಸುಗೆಯಲ್ಲೂ ರಂಧ್ರ ಬೀಳುತ್ತದೆ. ಬೆಸುಗೆ ಮುಗಿದ ಮೇಲೆ ಗಂಟುಗಳನ್ನು ಅಂಗೈ ಸವರಿದರೂ ತಾಗದಂತೆ ನಯಗೊಳಿಸಿ, ಸತುವಿನ ಬಣ್ಣ ಬಳಿದೆ. ಕಂಬದ ತಲೆಗಳನ್ನು ಮುಚ್ಚಳವಿಟ್ಟು ಬೆಸೆದೆ. ತೆರೆದ ಪೈಪಿನಲ್ಲಿ ನೀರು ನಿಂತರೆ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಕಡಜ ಗೂಡು ಕಟ್ಟುತ್ತದೆ. ಕೊನೆಗೆ ಒಂದೊಂದು ಕಂಬಿಗೂ 50 ಕೆಜಿಯ ಮೂರು ಸಿಮೆಂಟ್ ಚೀಲ ತೂಗುಹಾಕಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ದಾರ ಹಿಡಿದು ನೋಡಿದರೆ ಕಂಬಿ ಬಾಗಿರಲಿಲ್ಲ.

ಮರಳಿನ ಪ್ರಶ್ನೆ

ಕಂಬಿಯ ಸುತ್ತ ಎಲ್ಲ ಕಡೆಗೂ ಐದು ಅಡಿ ಬಿಟ್ಟು 18 ಅಡಿಗೆ 10 ಅಡಿ ಹೊಂಡ ತೋಡಿದೆವು. ಕೈಪಿಡಿಯ ಪ್ರಕಾರ ನಾಲ್ಕು ಅಡಿ ಎತ್ತರದಿಂದ ಬೀಳುವುದಕ್ಕೆ ಒಂಬತ್ತು ಇಂಚು ಮರಳು ಸಾಕು; ತುಳಿದು ತುಳಿದು ಕುಗ್ಗುತ್ತದೆಂದು ಒಂದು ಅಡಿ ತುಂಬಿಸಿದೆವು. 180 ಘನ ಅಡಿ. ಇಡೀ ಕೆಲಸದಲ್ಲಿ ಹೆಚ್ಚು ದುಡ್ಡು ಹೋದದ್ದು ಇದಕ್ಕೇ, ಹೋಗಬೇಕಾದ್ದೂ ಇದಕ್ಕೇ.

ನಮ್ಮ ಕಡೆ ಮನೆ ಕಟ್ಟುವವರೆಲ್ಲ ಬಳಸುವುದು ಎಂ ಸ್ಯಾಂಡ್. ಅಗ್ಗವಾಗಿ ಸಿಗುತ್ತದೆ, ತಂದು ಸುರಿಯೋಣ ಎಂದು ಸಮಿತಿಯಲ್ಲಿ ಮಾತು ಬಂತು. ನಾನು ಒಪ್ಪಲಿಲ್ಲ. ಎಂ ಸ್ಯಾಂಡ್ ಎಂದರೆ ಬಂಡೆ ಒಡೆದ ಪುಡಿ. ಕಣಗಳಿಗೆ ಮೂಲೆಗಳಿರುತ್ತವೆ, ಜೊತೆಗೆ ದೂಳು ಇರುತ್ತದೆ. ಮಳೆ ಬಿದ್ದು ಕಾಲು ತುಳಿದರೆ ಒಂದಕ್ಕೊಂದು ಕಚ್ಚಿಕೊಂಡು ನೆಲದಂತೆ ಗಟ್ಟಿಯಾಗುತ್ತದೆ. ಕಾಂಕ್ರೀಟಿಗೆ ಒಳ್ಳೆಯದಾದ ಆ ಗುಣವೇ ಇಲ್ಲಿ ಅಪಾಯ. ಬೀಳುವ ಮಗುವಿಗೆ ಬೇಕಾದದ್ದು ದುಂಡು ಕಣದ, ತೊಳೆದ, ಪಕ್ಕಕ್ಕೆ ಸರಿದುಕೊಳ್ಳುವ ಮರಳು. ಮಣ್ಣು ತೊಳೆದು ತೆಗೆಯುವ ಫಿಲ್ಟರ್ ಮರಳಿನ ಮಾತನ್ನಂತೂ ಶಾಲೆಯಲ್ಲಿ ಎತ್ತಲೇಬಾರದು; ಅದು ಕಾನೂನಿಗೂ ವಿರುದ್ಧ, ಕೆರೆ ಹೊಲಗಳಿಗೂ ದ್ರೋಹ. ಹಾಗಾಗಿ ಪರ್ಮಿಟ್ ಇರುವ ನದಿ ಮರಳನ್ನೇ ತರಿಸಿದೆವು.

ಬಂದ ಮರಳನ್ನು ಪರೀಕ್ಷಿಸುವುದು ಸುಲಭ. ಗಾಜಿನ ಬಾಟಲಿಯಲ್ಲಿ ಅರ್ಧ ಮರಳು, ಮೇಲೆ ನೀರು ತುಂಬಿ ಚೆನ್ನಾಗಿ ಕುಲುಕಿ ಇಡಬೇಕು. ಮರಳು ಕ್ಷಣದಲ್ಲಿ ತಳ ಸೇರುತ್ತದೆ, ಗೋಡುಮಣ್ಣು ನಿಧಾನವಾಗಿ ಅದರ ಮೇಲೆ ಪದರ ಕಟ್ಟುತ್ತದೆ. ಪದರ ದಪ್ಪವಿದ್ದರೆ ಲೋಡ್ ವಾಪಸ್ ಕಳಿಸಬೇಕು. ಏಳನೇ ತರಗತಿಯ ಮಕ್ಕಳ ಕೈಯಲ್ಲೇ ಈ ಪರೀಕ್ಷೆ ಮಾಡಿಸಿದೆವು. ವಿಜ್ಞಾನದ ಪಾಠವೂ ಆಯಿತು.

ಹೊಂಡದ ತಳದಲ್ಲಿ ಮೂರು ಇಂಚು ಜಲ್ಲಿ, ಅದರ ಮೇಲೆ ಪಾಲಿಹೌಸ್‌ಗೆ ಹೊದಿಸುವ ಹಳೆಯ ನೆರಳು ಪರದೆಯ ಎರಡು ಪದರ, ಅದರ ಮೇಲೆ ಮರಳು. ಪರದೆ ಇಲ್ಲದಿದ್ದರೆ ಮರಳು ಜಲ್ಲಿಯೊಳಗೆ ಇಳಿದುಹೋಗುತ್ತದೆ. ಜಲ್ಲಿಯ ಮಟ್ಟದಿಂದ ಎರಡು ಇಂಚಿನ ಪಿವಿಸಿ ಪೈಪ್ ರಸ್ತೆ ಚರಂಡಿಗೆ ಹೋಗಿದೆ. ತೆರೆದಿರುವ ಎರಡು ಅಂಚುಗಳಿಗೆ ಸವೆದ ಸ್ಕೂಟರ್ ಟೈರುಗಳನ್ನು ಮಲಗಿಸಿ ಒಳಗೆ ಮಣ್ಣು ಗಿಡಿದಿದ್ದೇವೆ; ಅಂಚಿಗೆ ಕಲ್ಲು ಕಟ್ಟಿದ್ದರೆ ಬಿದ್ದ ಮಗುವಿನ ತಲೆ ಅದಕ್ಕೇ ಬಡಿಯುತ್ತಿತ್ತು. ಪ್ರತಿ ಟೈರಿನ ಕೆಳಬದಿಗೆ ತೂತು ಕೊರೆದಿದ್ದೇವೆ. ಟೈರಿನಲ್ಲಿ ನಿಂತ ನೀರು ಡೆಂಗಿ ಸೊಳ್ಳೆಯ ತವರು. ಟೈರು ಕತ್ತರಿಸಿ ಬೇರೆ ಆಕಾರ ಮಾಡಬೇಕೆನ್ನುವವರು ಪಂಕ್ಚರ್ ಅಂಗಡಿಯಲ್ಲಿ ನೈಲಾನ್ ಟೈರ್ ಕೇಳಿ ಪಡೆಯಿರಿ. ರೇಡಿಯಲ್ ಟೈರನ್ನು ಕತ್ತರಿಸಿದರೆ ಉಕ್ಕಿನ ತಂತಿ ಮೊನೆಗಳು ಹೊರಬರುತ್ತವೆ.

ರಾತ್ರಿ ಬೆಕ್ಕು ನಾಯಿ ಬಾರದಂತೆ ಮರಳಿನ ಮೇಲೆ ಬಲೆ ಎಳೆದು ನಾಲ್ಕು ಮೂಲೆಗೆ ಕಟ್ಟುತ್ತೇವೆ. ಬೆಳಿಗ್ಗೆ ಅದನ್ನು ಸುತ್ತಿಡುವ ಕೆಲಸವನ್ನು ಆರನೇ ತರಗತಿಯವರು ತಾವಾಗಿಯೇ ವಹಿಸಿಕೊಂಡಿದ್ದಾರೆ.

ಕಲ್ಲು ಕೂಚಗಳು

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಹೆಚ್ಚಿನ ದ್ರಾಕ್ಷಿ ತೋಟಗಳು ನಿಂತಿರುವುದು ಕಲ್ಲು ಕೂಚಗಳ, ಅಂದರೆ ನೆಟ್ಟ ಕಲ್ಲುಕಂಬಗಳ ಮೇಲೆ. ತೋಟ ತೆಗೆದಾಗ ಮುರಿದ ಕೂಚಗಳು ಬದುವಿನಲ್ಲಿ ಬಿದ್ದಿರುತ್ತವೆ. ಮಗಳ ಸಹಪಾಠಿಯ ತಂದೆಯೊಬ್ಬರು ಅಂಥ ಒಂದು ಟ್ರ್ಯಾಕ್ಟರ್ ಕಲ್ಲನ್ನು ಹಾಗೆಯೇ ಕೊಟ್ಟರು. ಕಲ್ಲು ಕೆಲಸದ ಹಿರಿಯರೊಬ್ಬರು ಅವನ್ನು ಅಳತೆಗೆ ಸೀಳಿದರು. ನೆಲದ ಮೇಲೆ ಕಾಣುವುದು ಆರು, ಒಂಬತ್ತು, ಹನ್ನೆರಡು ಇಂಚು. ಪ್ರತಿಯೊಂದೂ ಕಡಿಮೆಯೆಂದರೆ ಒಂದು ಅಡಿ ನೆಲದೊಳಗಿದೆ. ಪಶ್ಚಿಮದ ಅಂಚಿನುದ್ದಕ್ಕೂ ಅವು ಬಾಗಿ ಬಾಗಿ ಸಾಗುತ್ತವೆ, ಒಂದರಿಂದ ಒಂದಕ್ಕೆ ಮಗುವಿನ ಒಂದು ಹೆಜ್ಜೆ.

“ಪಾಲಿಶ್ ಮಾಡಿಸಿದರೆ ಚೆಂದ ಕಾಣುತ್ತದಲ್ಲ, ಯಜಮಾನರೇ?” ಎಂದು ಶಿಕ್ಷಕರೊಬ್ಬರು ಕೇಳಿದರು. “ಚೆಂದ ಕಾಣುತ್ತದೆ ಸ್ವಾಮಿ, ಮಳೆ ಬಂದರೆ ಕಾಲು ನಿಲ್ಲುವುದಿಲ್ಲ” ಎಂದು ಅವರು ಉಳಿ ಪೆಟ್ಟಿನ ಒರಟು ಮೈಯನ್ನೇ ಉಳಿಸಿದರು. ಅಂಚುಗಳನ್ನು ಮಾತ್ರ ಅರ್ಧ ಇಂಚು ದುಂಡಾಗಿಸಿದೆವು. ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಈ ಕಲ್ಲುಗಳೇ. ತುಕ್ಕಿಲ್ಲ, ಬಣ್ಣವಿಲ್ಲ, ಕಳ್ಳರಿಗೂ ಬೇಡ. ಹಾರಲು, ಕೂರಲು, ಅಂಗಡಿ ಆಟಕ್ಕೆ, ಬುತ್ತಿ ಇಡಲು, ಎಲ್ಲಕ್ಕೂ ಆಗುತ್ತವೆ.

ಗೋಡೆಯೂ ಜಗಲಿಯೂ

ಸೈಜುಗಲ್ಲಿನ ಹಳೆಯ ಕಾಂಪೌಂಡಿಗೆ ಮಣ್ಣಿನ ಗಾರೆ. ಆಂಕರ್ ಬೋಲ್ಟ್ ಹಿಡಿಯುವುದಿಲ್ಲ. ಅದಕ್ಕೆ ಗೋಡೆಯನ್ನು ಮುಟ್ಟದೆ ಅದರ ಪಕ್ಕದಲ್ಲೇ ಮೂರು ಗಿಡ್ಡ ಕಂಬ ನೆಟ್ಟು, 12 ಅಡಿ ಉದ್ದಕ್ಕೆ ಕಾಲಿಡಲು ಒಂದು ಪೈಪ್, ಕೈ ಹಿಡಿಯಲು ಒಂದು ಪೈಪ್ ಬೆಸೆದೆ. ಕಾಲಿನದು ನೆಲದಿಂದ ಒಂದು ಅಡಿ. ಕೈಯದು ಓರೆ: ಒಂದು ತುದಿಯಲ್ಲಿ ಮೂರಡಿ, ಇನ್ನೊಂದು ತುದಿಯಲ್ಲಿ ನಾಲ್ಕೂವರೆ. ಒಂದನೇ ತರಗತಿಯವರು ತಗ್ಗಿನ ಕಡೆಯಿಂದ ಹೊರಟು ಕೈ ಎಟಕುವಷ್ಟು ದೂರ ಹೋಗುತ್ತಾರೆ. ಎಷ್ಟು ದೂರ ಹೋದೆ ಎಂಬುದೇ ಆಟವಾಗಿದೆ. ಇಪ್ಪತ್ತು ಅಡಿಯ ಒಂದೇ ಉದ್ದದ ಪೈಪಿನಲ್ಲಿ ಎಂಟು ಅಡಿ ಕಂಬಿಗಳಿಗೂ ಹನ್ನೆರಡು ಅಡಿ ಇಲ್ಲಿಯ ಕೈ ಪೈಪಿಗೂ ಸರಿಹೋಯಿತು.

ಗೋಡೆಗೂ ಪೈಪಿಗೂ ನಡುವೆ ಬಿಟ್ಟಿರುವುದು ಮೂರು ಇಂಚು. ಮೂರೂವರೆ ಇಂಚಿಗಿಂತ ದೊಡ್ಡದಾದ, ಒಂಬತ್ತು ಇಂಚಿಗಿಂತ ಚಿಕ್ಕದಾದ ಯಾವ ಸಂದೂ ಆಟದ ಜಾಗದಲ್ಲಿ ಇರಬಾರದು. ಅಂಥ ಸಂದಿನಲ್ಲಿ ಮಗುವಿನ ಮೈ ನುಸುಳುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ನಾನು ಮಾಡುವ ಮನೆ ಗ್ರಿಲ್‌ಗಳಿಗೂ ಈಗ ಇದೇ ಅಳತೆ ಇಟ್ಟುಕೊಂಡಿದ್ದೇನೆ.

ಓಡಲಾರದ, ಓಡಲು ಮನಸ್ಸಿಲ್ಲದ ಮಕ್ಕಳೂ ಇರುತ್ತಾರೆ. ಊರುಗೋಲು ಹಿಡಿದು ನಡೆಯುವ ಒಬ್ಬ ಹುಡುಗ ಈ ಶಾಲೆಯಲ್ಲಿದ್ದಾನೆ. ಅವನನ್ನು ಮನಸ್ಸಿನಲ್ಲಿಟ್ಟುಕೊಂಡು ಗೇಟಿನಿಂದ ಜಗಲಿಯವರೆಗೆ ನಾಲ್ಕು ಅಡಿ ಅಗಲದ ಸಮತಟ್ಟಾದ ದಾರಿ ಮಾಡಿದೆವು. ಜಗಲಿಯ ಪಕ್ಕ, ಕುಳಿತವರ ಎದೆಮಟ್ಟಕ್ಕೆ ಬರುವಂತೆ ಎರಡು ಚಪ್ಪಡಿ ಕಲ್ಲು ನಿಲ್ಲಿಸಿದೆವು. ಒಂದರಲ್ಲಿ ಅಳಗುಳಿಮಣೆಯ ಹದಿನಾಲ್ಕು ಗುಳಿ ಕೊರೆಸಿದ್ದೇವೆ, ಇನ್ನೊಂದರಲ್ಲಿ ಒಂದು ಬದಿಗೆ ಚೌಕಾಬಾರದ ಐದೈದರ ಮನೆ, ಇನ್ನೊಂದು ಬದಿಗೆ ಹುಲಿ-ಕುರಿ ಆಟದ ಗೆರೆ. ಹಳೆಯ ದೇವಸ್ಥಾನಗಳ ಜಗಲಿಗಳಲ್ಲಿ ಯಾರೋ ಕೊರೆದ ಇಂಥ ಮನೆಗಳು ಇಂದಿಗೂ ಸವೆಯದೆ ಉಳಿದಿವೆ. ಹುಣಸೆ ಬೀಜಕ್ಕೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಆ ಹುಡುಗ ಅಳಗುಳಿಮಣೆಯಲ್ಲಿ ಈಗ ಶಿಕ್ಷಕರನ್ನೂ ಸೋಲಿಸುತ್ತಾನೆ.

ಕುಂಟೆಬಿಲ್ಲೆಯ ಮನೆಗಳನ್ನು ದಾರಿಯ ಪಕ್ಕದ ಸಿಮೆಂಟ್ ಪಟ್ಟಿಯ ಮೇಲೆ ಬಿಡಿಸಿದ್ದೇವೆ. ಎನಾಮಲ್ ಬೇಡ, ರಸ್ತೆಗೆ ಬಳಿಯುವ ಬಣ್ಣ ಕೇಳಿ ತೆಗೆದುಕೊಳ್ಳಿ. ಕಾಲ್ತುಳಿತ ತಡೆಯುತ್ತದೆ, ಒದ್ದೆಯಾದಾಗ ಜಾರುವುದೂ ಕಡಿಮೆ.

ನೆರಳು, ಗಂಟೆ, ಉಸ್ತುವಾರಿ

ಚಪ್ಪಡಿಗಳ ಮೇಲೆ ನೆರಳಿಗೆ ಬಳಸಿದ್ದು ಹಳೆಯ ಚಂದ್ರಿಕೆಗಳನ್ನು. ರೇಷ್ಮೆ ಹುಳು ಗೂಡು ಕಟ್ಟುವ ಈ ಬಿದಿರು ತಟ್ಟಿ ಸುಮಾರು ಆರು ಅಡಿಗೆ ನಾಲ್ಕು ಅಡಿ. ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದ ಮೇಲೆ ಮೂಲೆ ಸೇರಿದವು ಊರ ತುಂಬ ಇವೆ. ಹುಳು ಮನೆಗೆ ಫಾರ್ಮಲಿನ್, ಬ್ಲೀಚಿಂಗ್ ಪುಡಿ ಬಳಸುವುದರಿಂದ ಮೊದಲು ಚೆನ್ನಾಗಿ ತೊಳೆದು ಹಲವು ದಿನ ಬಿಸಿಲಿಗೆ ಒಣಗಿಸಿದೆವು. ಸಿಬಿರು ಮಕ್ಕಳ ಕೈಗೆ ಸಿಗದಂತೆ ಎಂಟು ಅಡಿ ಎತ್ತರದಲ್ಲಿ ಪೈಪಿನ ಚೌಕಟ್ಟಿಗೆ ಬಿಗಿದಿದ್ದೇವೆ. ಸುರುಳಿ ಸುರುಳಿಯಾಗಿ ಬೀಳುವ ಅದರ ನೆರಳು ಬಹಳ ಸುಂದರ. ಮಳೆಗೆ ಬೇಗ ಹಾಳಾಗುತ್ತದೆ, ಬದಲಿಸುತ್ತಿರಬೇಕು.

ಇಷ್ಟೆಲ್ಲ ಕಟ್ಟಿದ ಮೇಲೂ ಒಂದೇ ಗಂಟೆಗೆ ಎಲ್ಲರೂ ಹೊರಬಂದರೆ ಜಾಗ ಸಾಲುತ್ತಿರಲಿಲ್ಲ. ಅದನ್ನು ಬಿಡಿಸಿದವರು ಮುಖ್ಯ ಶಿಕ್ಷಕಿ. ಒಂದರಿಂದ ಮೂರನೇ ತರಗತಿಯವರಿಗೆ ಮೊದಲು ವಿರಾಮ, ಅವರು ಒಳಗೆ ಹೋದ ಮೇಲೆ ನಾಲ್ಕರಿಂದ ಏಳರವರಿಗೆ. ಒಂದು ರೂಪಾಯಿ ಖರ್ಚಿಲ್ಲದೆ ಪ್ರತಿ ಮಗುವಿಗೆ ಸಿಗುವ ಅಂಗಳ ಹೆಚ್ಚೂಕಡಿಮೆ ಎರಡರಷ್ಟಾಯಿತು. ಜಾಗ ಕಡಿಮೆ ಇರುವ ಯಾವ ಶಾಲೆಯೂ ಪೈಪು ಕಲ್ಲು ತರುವ ಮೊದಲೇ ಇದನ್ನು ಮಾಡಬಹುದು. ಜೊತೆಗೆ ವಾರದಲ್ಲಿ ಎರಡು ದಿನ ಮಧ್ಯದ ಜಾಗ ಹೆಣ್ಣುಮಕ್ಕಳಿಗೆ ಮಾತ್ರ. ಆ ದಿನಗಳಲ್ಲಿ ಲಗೋರಿಯ ಕೂಗು ಬೀದಿಯ ಆ ತುದಿಗೂ ಕೇಳುತ್ತದೆ.

ಉಸ್ತುವಾರಿಯ ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಿದ್ದೇವೆ. ವಾರಕ್ಕೊಮ್ಮೆ ಮರಳನ್ನು ಗುದ್ದಲಿಯಿಂದ ತಳದವರೆಗೆ ಸಡಿಲಿಸಿ ಹೊಂಗೆ ಎಲೆ, ಗಾಜು, ಮೊಳೆ ಆರಿಸುವುದು. ಕಂಬಿಯ ಕೆಳಗೆ ಮರಳು ಸರಿದು ತಗ್ಗಾಗುತ್ತದೆ, ಅಲ್ಲಿಗೆ ಎಳೆದು ಹಾಕುವುದು. ಕಂಬದ ಮೇಲೆ ಮರಳಿನ ಮಟ್ಟಕ್ಕೆ ಕೆಂಪು ಗೆರೆ ಬಳಿದಿದ್ದೇನೆ, ಗೆರೆ ಕಂಡರೆ ಮರಳು ಕಡಿಮೆಯಾಗಿದೆ ಎಂದು ಚಿಕ್ಕ ಮಕ್ಕಳೂ ಹೇಳುತ್ತಾರೆ. ತಿಂಗಳಿಗೊಮ್ಮೆ ನಾನು ಬಂದು ಬೆಸುಗೆಗಳನ್ನು ಸುತ್ತಿಗೆಯಿಂದ ತಟ್ಟಿ ನೋಡುತ್ತೇನೆ. ಮೇ ಕೊನೆಯಲ್ಲಿ ಶಾಲೆ ತೆರೆಯುವ ಮುನ್ನ ಕುಂಟೆಬಿಲ್ಲೆಗೆ ಮರುಬಣ್ಣ, ಮಳೆಗಾಲ ಮುಗಿದ ಮೇಲೆ ಹೊಸ ಚಂದ್ರಿಕೆ. ನಲ್ಲಿ ಸಾಲಿನ ಪಕ್ಕ ಮೂರು ಅಡಿಗೆ ಹತ್ತು ಅಡಿಯ ಪಟ್ಟಿಯೊಂದು ಇನ್ನೂ ಹಾಗೆಯೇ ಇದೆ. ಅಲ್ಲಿ ನೀರು ಹರಿಸಿ ಆಡಲು ಕಲ್ಲಿನ ಕಾಲುವೆ ಕೊರೆಸಬೇಕೆಂದು ಮಕ್ಕಳು ಕೇಳಿದ್ದಾರೆ. ಕಲ್ಲು ಕೆಲಸದ ಯಜಮಾನರು ದಸರಾ ರಜೆಯಲ್ಲಿ ಬರುವುದಾಗಿ ಒಪ್ಪಿದ್ದಾರೆ.